ಮಾಳಿಗೆ ಮೇಲಿನ ಸಿಗ್ನಲ್ಲು

ನಾನು ದಾರಿಯಲ್ಲಿ ಮೇಲೆ ನೋಡಿಕೊಂಡು ನಡೆಯುವವನು. ಆಕಾಶ ನೋಡುತ್ತಾನೆಂದು ತಿಳಿದು ನೀವು ನನ್ನನ್ನು ಕವಿಗಳ ಸಾಲಿಗೆ ಸೇರಿಸುವ ಮೊದಲೇ ಹೇಳಿಬಿಡುತ್ತೇನೆ, ಅಷ್ಟು ಎತ್ತರಕ್ಕೆ ನನ್ನ ದೃಷ್ಟಿ ಹೋಗುವುದಿಲ್ಲ. ಮಾಳಿಗೆಗಳಲ್ಲೇ ನಿಂತುಬಿಡುತ್ತದೆ. ಈ ಚಟದಿಂದಾಗಿ ಬ್ಯಾಡಗಿಯ ಪೇಟೆಯಲ್ಲಿ ಒಮ್ಮೆ ಎಮ್ಮೆಗೂ ಇನ್ನೊಮ್ಮೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೂ ಡಿಕ್ಕಿ ಹೊಡೆದಿದ್ದೇನೆ. ಎಮ್ಮೆ ಏನೂ ಅನ್ನಲಿಲ್ಲ.

ಬೀದಿಯಲ್ಲಿ ಎಲ್ಲರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಇರುತ್ತಾರೆ. ಸಂಸಾರದ ಸಂಗತಿ ತಿಳಿಯಬೇಕಾದರೆ ಮಾಳಿಗೆ ನೋಡಬೇಕು. ಸುಗ್ಗಿಯಲ್ಲಿ ನಮ್ಮೂರಿನ ಮಾಳಿಗೆಗಳ ಮೇಲೆ ಮೆಣಸಿನಕಾಯಿ ಒಣಗುತ್ತದೆ, ಆಗ ಮೇಲೆ ನೋಡಿದರೆ ಸೀನು ಬರುತ್ತದೆ. ಬೇಸಿಗೆಯಲ್ಲಿ ಸಂಡಿಗೆ, ಹಪ್ಪಳ, ಅವುಗಳ ಪಕ್ಕದಲ್ಲಿ ಕೋಲು ಹಿಡಿದು ತೂಕಡಿಸುವ ಅಜ್ಜಿ. ಮಹಾನವಮಿಯ ಮುಂಚಿನ ದಿನಗಳಲ್ಲಿ ಹಳೆಯ ಬಟ್ಟೆ ಕೂಡಿಸಿ ಹೊಲಿದ ಕೌದಿ. ಒಂದು ಮನೆಯಲ್ಲಿ ಎಷ್ಟು ಜನ ಇದ್ದಾರೆ, ಹೊಸ ಕೂಸು ಬಂದಿದೆಯೇ, ಬಂದದ್ದು ರಾತ್ರಿ ಹಾಸಿಗೆ ಒದ್ದೆ ಮಾಡುತ್ತದೆಯೇ, ಎಲ್ಲವೂ ಮಾಳಿಗೆಯಿಂದ ತಿಳಿಯುತ್ತದೆ.

ಇಷ್ಟೆಲ್ಲ ಮಾಳಿಗೆ ನೋಡುವವನು ಕೆಲವು ವರ್ಷ ಒಂದು ಮಾಳಿಗೆಯನ್ನು ಮಾತ್ರ ನೋಡದೇ ಇದ್ದೆ. ಅದು ನನ್ನದೇ. ಅದರಿಂದ ನಮ್ಮ ಕಾಲೇಜಿನ ಎರಡು ಕಟ್ಟಡಗಳ ನಡುವಿನ ಸಂಪರ್ಕ ಹೇಗೆ ಹದಗೆಟ್ಟಿತು ಎಂಬುದನ್ನು ಹೇಳಲು ಹೊರಟಿದ್ದೇನೆ.

ನಮ್ಮ ಕಾಲೇಜಿನ ಹಳೆಯ ಕಟ್ಟಡ ಊರೊಳಗೆ, ಪೇಟೆಯ ಹಿಂದೆ ಇದೆ. ಹೊಸ ಕಟ್ಟಡವನ್ನು ಊರಿನ ಹೊರಗೆ ಕದರಮಂಡಲಗಿಯ ದಾರಿಯಲ್ಲಿ ಕಟ್ಟಿದರು. ನಮ್ಮ ಕಡೆ ಆಗಿನ್ನೂ ಇಂಟರ್ನೆಟ್ ಹೊಸತು. ಅದರ ತಂತಿ ಬಂದದ್ದು ಹಳೆಯ ಕಟ್ಟಡಕ್ಕೆ, ಕಂಪ್ಯೂಟರುಗಳನ್ನು ಇಟ್ಟದ್ದು ಹೊಸ ಕಟ್ಟಡದಲ್ಲಿ. ನಡುವೆ ಊರೇ ಇತ್ತು. ಊರ ಮೇಲೆ ತಂತಿ ಎಳೆಯುವುದು ಆಗದ ಮಾತು ಎಂದು ಹಾವೇರಿಯಿಂದ ಎರಡು ಆಂಟೆನಾ ತರಿಸಿ, ಒಂದೊಂದು ಕಟ್ಟಡದ ನೆತ್ತಿಗೆ ಒಂದೊಂದು ಕೂಡಿಸಿದರು. ಎರಡೂ ಒಂದಕ್ಕೊಂದು ಮುಖ ಮಾಡಿ ಕುಳಿತವು. ಇನ್ನು ಮುಂದೆ ಮಾಹಿತಿ ಗಾಳಿಯಲ್ಲೇ ಓಡಾಡುತ್ತದೆ ಎಂದು ಪ್ರಿನ್ಸಿಪಾಲರು ಪ್ರಾರ್ಥನೆಯ ಹೊತ್ತಿನಲ್ಲಿ ಘೋಷಿಸಿದರು. ಹುಡುಗರು ಮೇಲೆ ನೋಡಿದರು.

ನಮ್ಮ ಪ್ರಿನ್ಸಿಪಾಲರು ಎಲ್ಲರನ್ನೂ ಅವರವರ ವಿಷಯದ ಹೆಸರಿನಿಂದಲೇ ಕರೆಯುತ್ತಾರೆ. ಕನ್ನಡ ಕಲಿಸುವವರು ಕನ್ನಡ, ಇತಿಹಾಸದವರು ಇತಿಹಾಸ. ನಾನು ಫಿಸಿಕ್ಸ್. ಆಂಟೆನಾಗಳ ಉಸ್ತುವಾರಿ ಯಾರಿಗೆ ಎಂಬ ಪ್ರಶ್ನೆ ಎದ್ದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಫಿಸಿಕ್ಸ್ ಅವರ, ಇದು ಅಲೆಗಳ ವಿಷಯ. ಅಲೆ ನಿಮ್ಮ ಸಿಲೆಬಸ್ಸಿನ್ಯಾಗ ಬರ್ತಾವ. ನೀವ ನೋಡ್ಕೋಬೇಕು."

ಭೂಕಂಪವೂ ನನ್ನ ಸಿಲೆಬಸ್ಸಿನಲ್ಲಿ ಬರುತ್ತದೆ ಎಂದು ಹೇಳಬೇಕೆನ್ನಿಸಿತು. ಹೊಸ ಕಟ್ಟಡದ ತುದಿಯಲ್ಲಿ ಕಂಪ್ಯೂಟರ್ ಕಲಿಸುವ ಮಹಾಂತೇಶ, ಹಳೆಯ ಕಟ್ಟಡದ ತುದಿಯಲ್ಲಿ ನಾನು. ಇಬ್ಬರೂ ಕಿವಿಗೆ ಮೊಬೈಲು ಹಿಡಿದುಕೊಂಡು "ಸ್ವಲ್ಪ ಎಡಕ್ಕ", "ಇನ್ನೊಂದೀಟು ಮ್ಯಾಲೆ" ಎಂದು ಕೂಗಾಡುತ್ತ ಬೋಲ್ಟು ತಿರುಗಿಸಿದೆವು. ಆ ಎರಡು ಆಂಟೆನಾಗಳ ನಡುವೆ ಗೆರೆ ಎಳೆದರೆ ಅದು ಗಿರಣಿಯ ಮೇಲೆ, ಆಮೇಲೆ ನನ್ನ ಮನೆಯ ಮಾಳಿಗೆಯ ಮೇಲೆ, ಆಮೇಲೆ ಊರ ಹೊರಗಿನ ಹೊಲಗಳ ಮೇಲೆ ಹಾದು ಹೋಗುತ್ತಿತ್ತು. ನನ್ನ ಮನೆ ಎತ್ತರವೇನಲ್ಲ. ಗೆರೆ ಆರಾಮಾಗಿ ಮೇಲಿನಿಂದ ದಾಟುತ್ತದೆ ಎಂದು ಮಹಾಂತೇಶ ಅಳೆದು ನೋಡಿ ಹೇಳಿದ. ನಾನು ಬೋಲ್ಟಿನ ಕಡೆಗೇ ಕಣ್ಣಿಟ್ಟಿದ್ದೆ.

ಈ ಅಲೆಗಳ ಸ್ವಭಾವದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಪರೀಕ್ಷೆಗೆ ಬರುವುದಿಲ್ಲ, ಹೆದರಬೇಡಿ. ಒಂದು ಆಂಟೆನಾದಿಂದ ಇನ್ನೊಂದಕ್ಕೆ ಅಲೆ ದಾರದ ಹಾಗೆ ತೆಳ್ಳಗೆ ಹೋಗುತ್ತದೆ ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಅದು ಹೋಗುವ ದಾರಿ ಸವತೆಕಾಯಿಯ ಆಕಾರದ್ದು, ಎರಡೂ ತುದಿಗೆ ಸಣ್ಣ, ನಡುವೆ ದಪ್ಪ. ಆ ಸವತೆಕಾಯಿಯ ಮೈಗೆ ಏನಾದರೂ ತಾಗಿದರೂ ಸಾಕು, ಅಲೆಯ ಬಲ ಕುಂದುತ್ತದೆ. ಇನ್ನೊಂದು ಸಂಗತಿ ನೀರು. ದೊಡ್ಡ ಊರಿನ ಸ್ಥಿತಿವಂತರು ಅನ್ನ ಬಿಸಿ ಮಾಡಿಕೊಳ್ಳುವ ಪೆಟ್ಟಿಗೆಯಲ್ಲಿ ಇರುವುದೂ ಇದೇ ಜಾತಿಯ ಅಲೆ. ನೀರು ಕಂಡಿತೋ, ಅದಕ್ಕೆ ಮುಂದೆ ಹೋಗುವ ಮನಸ್ಸೇ ಆಗುವುದಿಲ್ಲ, ಅಲ್ಲೇ ಇಂಗಿಬಿಡುತ್ತದೆ. ಇದನ್ನು ನಾನು ಪ್ರತಿ ವರ್ಷ ಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತೇನೆ. ಇಷ್ಟು ಕಲಿಸುವವನಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಆಮೇಲೆ ನೀವು ನಗಬಹುದು.

ನಿಜ ಹೇಳಬೇಕೆಂದರೆ ನಮ್ಮ ಮನೆಗೂ ಹಳೆಯ ಕಟ್ಟಡಕ್ಕೂ ನಡುವೆ ವೈರ್‌ಲೆಸ್ ಸಂಪರ್ಕ ಅದಕ್ಕಿಂತ ಬಹಳ ಹಿಂದೆಯೇ ಇತ್ತು. ಹಾಕಿಸಿದವಳು ನನ್ನ ಹೆಂಡತಿ ಗಿರಿಜಾ.

ಅವಳು ರಾಣೆಬೆನ್ನೂರಿನವಳು. ಮದುವೆಯಾಗಿ ಬಂದಾಗ ನಮ್ಮ ಮನೆಯಲ್ಲಿ ಫೋನು ಇರಲಿಲ್ಲ. ಪ್ರಯೋಗಾಲಯದ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಹೇಳುವಂತಿರಲಿಲ್ಲ. ಅವಳಿಗೋ ರೊಟ್ಟಿ ಹಂಚಿನಿಂದ ತಾಟಿಗೆ ನೇರ ಬೀಳಬೇಕು. ನಡುವೆ ಬುಟ್ಟಿಯಲ್ಲಿ ಕುಳಿತು ತಣ್ಣಗಾದ ರೊಟ್ಟಿಯನ್ನು ಅವಳು ನನಗೆ ಹಾಕಿದ್ದೇ ಇಲ್ಲ, ಅದನ್ನು ತನ್ನ ತಾಟಿಗೆ ಇಟ್ಟುಕೊಂಡು ನನಗೆ ಮತ್ತೊಂದು ಬಡಿಯುತ್ತಿದ್ದಳು. ಹೀಗಿರಲು ಒಂದು ದಿನ ಅವಳು ಮಾಳಿಗೆ ಹತ್ತಿ ನೋಡಿದಾಗ ನಮ್ಮ ಪ್ರಯೋಗಾಲಯದ ಕಿಟಕಿ ಕಂಡಿತಂತೆ. ಆ ಸಂಜೆಯೇ ಒಪ್ಪಂದವಾಯಿತು. ಹಿಟ್ಟು ನಾದಿಟ್ಟು, ಒಲೆ ಹೊತ್ತಿಸಿ, ಅವಳು ಮಾಳಿಗೆಗೆ ಬಂದು ಕುಂಬಿಯ ಮೇಲೆ ಕೌದಿ ಹಾಸುವುದು. ಮಾಳಿಗೆಯ ಸುತ್ತಲಿನ ಮೋಟುಗೋಡೆಗೆ ನಾವು ಕುಂಬಿ ಎನ್ನುತ್ತೇವೆ. ಕಿಟಕಿಯಿಂದ ಕೌದಿ ಕಂಡರೆ ನಾನು ಹೊರಡುವುದು. ನಾನು ಮನೆಯ ಹೊಸ್ತಿಲು ದಾಟುವ ಹೊತ್ತಿಗೆ ಹಂಚು ಕಾದಿರುತ್ತಿತ್ತು.

ಆ ಕೌದಿ ಅವಳೇ ಹೊಲಿದದ್ದು. ಒಂದು ಮೈ ಕೆಂಪು, ಅವಳ ಮದುವೆಯ ಇಳಕಲ್ ಸೀರೆ ಹರಿದಾಗ ಅದನ್ನು ಕತ್ತರಿಸಿ ಕೂಡಿಸಿದ್ದು. ಇನ್ನೊಂದು ಮೈಗೆ ನನ್ನ ಹಳೆಯ ಅಂಗಿಗಳು, ಬಿಳಿ ಮತ್ತು ಬೂದು. ಲೆಕ್ಚರರನ ಅಂಗಿಗಳಿಗೆ ಬೇರೆ ಬಣ್ಣ ಎಲ್ಲಿಂದ ಬರಬೇಕು.

ಮೊದಮೊದಲು ಈ ಸಂಪರ್ಕದಲ್ಲೂ ದೋಷವಿತ್ತು. ಒಂದು ದಿನ ಅವಳು ಸುಮ್ಮನೆ ಬಿಸಿಲಿಗೆಂದು ಕೌದಿ ಹಾಕಿದ್ದಾಳೆ. ನಾನು ಲೋಲಕ ತೂಗಾಡಿಸುತ್ತಿದ್ದ ಹುಡುಗರನ್ನು ಹಾಗೇ ಬಿಟ್ಟು ಮನೆಗೆ ಓಡಿದೆ. ಅವಳಿನ್ನೂ ಅಂಗಳ ಗುಡಿಸುತ್ತಿದ್ದಳು.

"ಯಾಕ್ರೀ, ಕಾಲೇಜು ಬಿಡ್ತೇನು?"

"ನೀ ಕರದ್ಯಲ್ಲ."

"ನಾ ಯಾವಾಗ ಕರದೆ? ಅದಕ್ಕ ಬಿಸಲು ಬೇಕಾಗಿತ್ತು, ಹಾಕೇನಿ."

ಅಂದಿನಿಂದ ನಿಯಮ ಬಿಗಿಯಾಯಿತು. ಕೆಂಪು ಮೈ ಹೊರಗಿದ್ದರೆ ಊಟ, ಅಂಗಿಗಳ ಮೈ ಹೊರಗಿದ್ದರೆ ಬರೀ ಬಿಸಿಲು. ಕಂಪ್ಯೂಟರಿನವರು ಇಂಥದ್ದಕ್ಕೆ ಪ್ರೋಟೋಕಾಲ್ ಎನ್ನುತ್ತಾರೆಂದು ಮುಂದೆ ಮಹಾಂತೇಶನಿಂದ ತಿಳಿಯಿತು. ಮನೆಗೆ ಫೋನು ಬಂದ ಮೇಲೂ, ನನ್ನ ಕಿಸೆಗೆ ಮೊಬೈಲು ಬಂದ ಮೇಲೂ ನಾವು ಆ ಪದ್ಧತಿ ಬಿಡಲಿಲ್ಲ. ಕೌದಿ ರಾತ್ರಿ ಹೊದೆಯುವುದಕ್ಕೆ, ಮಧ್ಯಾಹ್ನ ಕರೆಯುವುದಕ್ಕೆ.

ಆಂಟೆನಾ ಬರುವ ಮೊದಲೇ ಗಿರಿಜಾ ಹೋದಳು. ಜ್ವರ ಎಂದು ಮಲಗಿದವಳು ಏಳಲಿಲ್ಲ. ನಮಗೆ ಮಕ್ಕಳಿಲ್ಲ. ಅವಳ ಸೀರೆ ಅವಳ ತಂಗಿಯರಿಗೆ, ಪಾತ್ರೆಗಳಲ್ಲಿ ಕೆಲವು ನನ್ನ ಅಕ್ಕನಿಗೆ ಹೋದವು. ಕೊನೆಯ ದಿನಗಳಲ್ಲಿ ಅವಳು ಹೊದ್ದಿದ್ದ ಆ ಕೌದಿಯನ್ನು ಮಾತ್ರ ನಾನು ಹಾಗೇ ಮಡಚಿ ಟ್ರಂಕಿನಲ್ಲಿಟ್ಟೆ, ಒಗೆಯದೆ. ಅದರಲ್ಲಿ ಅವಳ ಕೂದಲೆಣ್ಣೆಯ ವಾಸನೆ ಇತ್ತು, ಒಲೆಯ ಹೊಗೆಯ ವಾಸನೆ ಇತ್ತು, ಮತ್ತೆ ಇನ್ನೇನೋ ಇತ್ತು. ಅದಕ್ಕೆ ನನ್ನ ಬಳಿ ಹೆಸರಿಲ್ಲ. ಯಾವಾಗಲಾದರೊಮ್ಮೆ ಟ್ರಂಕಿನ ಮುಚ್ಚಳ ಎತ್ತಿ ಮುಖವಿಟ್ಟು ಬಂದರೆ ಒಂದಷ್ಟು ದಿನ ನಡೆಯುತ್ತಿತ್ತು. ಜಗತ್ತಿನಲ್ಲಿ ಅವಳದ್ದೆಂದು ಉಳಿದದ್ದು ಆ ವಾಸನೆ ಒಂದೇ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಪ್ರಯೋಗಾಲಯದ ಆ ಕಿಟಕಿಯನ್ನು ಮುಚ್ಚಿದೆ. ಸೊಳ್ಳೆ ಬರುತ್ತದೆ ಎಂದು ಕಾರಣ ಕೊಟ್ಟೆ. ಕಾಲೇಜಿನ ಮಾಳಿಗೆ ಹತ್ತಿದರೂ, ಆಂಟೆನಾದ ಹತ್ತಿರ ನಿಂತರೂ ನಮ್ಮ ಮನೆಯ ಕಡೆಗೆ ಕಣ್ಣು ಹಾಯಿಸದೇ ಇರುವುದು ರೂಢಿಯಾಯಿತು. ಖಾಲಿ ಕುಂಬಿ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಈಗ ಸಂಪರ್ಕದ ಕಥೆಗೆ ಬರುತ್ತೇನೆ. ಹೊಸ ಕಟ್ಟಡದ ಉದ್ಘಾಟನೆಯನ್ನು ಮಹಾನವಮಿಯ ಮುಂಚೆ ಇಟ್ಟುಕೊಂಡರು. ಆ ದಿನ ನಾನು ಹಳೆಯ ಕಟ್ಟಡದ ಪ್ರಯೋಗಾಲಯದಲ್ಲಿ ಕ್ಯಾಮೆರಾದ ಮುಂದೆ ಪಾಠ ಮಾಡುವುದು, ಹೊಸ ಕಟ್ಟಡದ ಗೋಡೆಯ ಮೇಲೆ ಅತಿಥಿಗಳು ನನ್ನನ್ನು ನೋಡುವುದು, ಇದು ಪ್ರಿನ್ಸಿಪಾಲರ ಯೋಜನೆ. ತಾಲೀಮು ಶುರು ಮಾಡಿದೆವು. ಮೊದಲನೆಯ ದಿನವೇ ಚಿತ್ರ ನಿಂತುಹೋಯಿತು. ಗೋಡೆಯ ಮೇಲೆ ನಾನು ಬಾಯಿ ತೆರೆದು, ಒಂದು ಕಣ್ಣು ಮುಚ್ಚಿ, ಒಂದು ಕೈ ಮೇಲೆತ್ತಿ ಹಾಗೇ ಉಳಿದೆನಂತೆ. ಮಾತು ಮಾತ್ರ ಮುರುಕು ಮುರುಕಾಗಿ ಬರುತ್ತಿತ್ತಂತೆ. ನೋಡಿದವರಿಗೆ ನನ್ನನ್ನು ದವಾಖಾನೆಗೆ ಒಯ್ಯಬೇಕೋ ಏನೋ ಎಂದು ಗಾಬರಿಯಾಯಿತು.

ಆಮೇಲೆ ನಾವು ಮಾಡದ ಉಪಾಯವಿಲ್ಲ. ತಂತಿ ಬದಲಿಸಿದೆವು. ತಂತಿಯ ಕೊಂಡಿಗಳನ್ನು ಬಿಚ್ಚಿ ಒರೆಸಿ ಮತ್ತೆ ಕೂಡಿಸಿದೆವು. ಆಂಟೆನಾದ ಹಿಂದೆ ಪಾರಿವಾಳ ಗೂಡು ಕಟ್ಟಿತ್ತು, ಅದನ್ನು ಮರಿಗಳ ಸಮೇತ ಪಕ್ಕದ ಗೋಡೆಯ ಸಂದಿಗೆ ಸ್ಥಳಾಂತರಿಸಿದೆವು. ಪಾರಿವಾಳ ನನ್ನನ್ನು ಕ್ಷಮಿಸಲಿಲ್ಲ, ಅದರ ಗುರುತು ನನ್ನ ಅಂಗಿಯ ಮೇಲೆ ಬಹಳ ದಿನ ಇತ್ತು. ಗಿರಣಿಯ ಮೋಟಾರಿನ ಮೇಲೆ ಸಂಶಯ ಬಂತು. ಗಿರಣಿಯವನನ್ನು ಕಾಡಿ ಬೇಡಿ ಒಂದಷ್ಟು ಹೊತ್ತು ನಿಲ್ಲಿಸಿದೆವು. ಸಂಪರ್ಕ ಸುಧಾರಿಸಲಿಲ್ಲ, ಹಿಟ್ಟಿಗೆ ಬಂದ ಹೆಂಗಸರು ನಮ್ಮನ್ನು ಬೈದದ್ದಷ್ಟೇ ಲಾಭ. ಪ್ರಿನ್ಸಿಪಾಲರು ಯಾರ ದೃಷ್ಟಿ ತಾಗಿದೆಯೋ ಎಂದು ಆಂಟೆನಾ ಕಂಬಕ್ಕೆ ನಿಂಬೆಹಣ್ಣು ಕಟ್ಟಿಸಿದರು. ಮೆಣಸಿನಕಾಯಿಯನ್ನೂ ಕಟ್ಟಿಸಿದರು. ನಮ್ಮೂರಿನಲ್ಲಿ ಅದಕ್ಕೇನು ಬರವೇ.

ವಿಚಿತ್ರವೆಂದರೆ ದೋಷಕ್ಕೆ ಒಂದು ಸಮಯಪಾಲನೆ ಇತ್ತು. ಮುಂಜಾನೆ ಊರು ಎದ್ದು ಓಡಾಡುವ ಹೊತ್ತಿಗೆ ಕೆಡುತ್ತಿತ್ತು. ಮಧ್ಯಾಹ್ನ ದಾಟಿದ ಮೇಲೆ ಸ್ವಲ್ಪ ಸ್ವಲ್ಪವೇ ಚೇತರಿಸಿಕೊಳ್ಳುತ್ತಿತ್ತು. ಸಂಜೆಗೆ ಏನೂ ಆಗದವರ ಹಾಗೆ ಸರಿಯಾಗಿರುತ್ತಿತ್ತು.

"ಸರ್, ಮುಂಜಾನಿಂದ ಮತ್ತ ಮಕ್ಕೊಂಡೈತ್ರಿ" ಎಂದು ಮಹಾಂತೇಶ ಫೋನು ಮಾಡುವುದು ನಿತ್ಯದ ಮಾತಾಯಿತು.

ನಾನು ಇದಕ್ಕೊಂದು ಭರ್ಜರಿ ಸಿದ್ಧಾಂತ ಕಟ್ಟಿದೆ. ಬಿಸಿಲಿಗೆ ಪೇಟೆಯ ತಗಡುಗಳು ಕಾಯುತ್ತವೆ, ಗಾಳಿ ಮೇಲೇಳುತ್ತದೆ, ಅಲೆ ಬಾಗುತ್ತದೆ. ಹಲಗೆಯ ತುಂಬ ಸಮೀಕರಣ ಬರೆದು ಪ್ರಿನ್ಸಿಪಾಲರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದರು.

"ಇದೆಲ್ಲಾ ಖರೇ ಇರಬಹುದು ಫಿಸಿಕ್ಸ್ ಅವರ. ಆದ್ರ ಬಿಸಲು ಹೆಚ್ಚಾಗೂದು ಮಧ್ಯಾಹ್ನ. ನಿಮ್ಮ ಲಿಂಕು ಸುಧಾರಸೂದೂ ಮಧ್ಯಾಹ್ನ. ಹೆಂಗ?"

ನಾನು ಹಲಗೆ ಒರೆಸಿದೆ.

ಇತ್ತ ಮನೆಯಲ್ಲಿ ಏನು ನಡೆದಿತ್ತೆಂದರೆ, ನನ್ನ ಅಕ್ಕ ನೀಲಕ್ಕ ಕರ್ಜಗಿಯಿಂದ ಬಂದಿದ್ದಳು. ಗಿರಿಜಾ ಹೋದ ಮೇಲೆ ಪ್ರತಿ ವರ್ಷ ಮಹಾನವಮಿಯ ಘಟ್ಟ ಹಾಕುವ ಮುಂಚೆ ಅವಳು ಬಂದು ನನ್ನ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆದು ಹೋಗುತ್ತಾಳೆ. ಕೌದಿ ಒಗೆಯುವುದೆಂದರೆ ಅಂಗಿ ಒಗೆದ ಹಾಗಲ್ಲ. ನಮ್ಮ ಮನೆಯ ಕೌದಿಗಳಿಗೆ ಎರಡು ತಲೆಮಾರಿನ ಬಟ್ಟೆ ಸೇರಿದೆ. ನೀರು ಕುಡಿದರೆ ಒಂದೊಂದೂ ಎತ್ತಲು ಬಾರದಷ್ಟು ಭಾರವಾಗುತ್ತದೆ. ಅಕ್ಕ ನಸುಕಿನಲ್ಲಿ ಎದ್ದು ನೆನೆಸಿ, ಕಾಲಿನಿಂದ ತುಳಿದು, ಬಡಿದು, ಬಿಸಿಲೇರುವ ಹೊತ್ತಿಗೆ ಮಾಳಿಗೆಗೆ ಹಾಕುವಳು. ಒಂದು ದಿನಕ್ಕೆ ಒಂದು ಹೊರೆ. ಇದು ನನಗೆ ಗೊತ್ತಿತ್ತು, ಆದರೆ ಹೀಗೆ ಬಿಡಿಸಿ ನೋಡಿರಲಿಲ್ಲ. ತಾಲೀಮಿನ ಗದ್ದಲದಲ್ಲಿ ಮುಂಜಾನೆ ಬೇಗ ಹೋಗಿ ಸಂಜೆ ಮುಗಿದ ಮೇಲೆ ಬರುತ್ತಿದ್ದೆ.

ಅವಳು ಬಂದ ದಿನವೇ ಹಳೆಯ ಜಗಳ ಎದ್ದಿತು.

"ತಮ್ಮಾ, ಘಟ್ಟ ಹಾಕೂದ್ರೊಳಗ ಮನ್ಯಾಗ ಒಂದೂ ಮಾಸಿದ ಅರಬಿ ಇರಬಾರ್ದು. ಆ ಟ್ರಂಕಿನ್ಯಾಗಿಂದು ಕೊಡು."

"ಅದೊಂದು ಇರ್ಲಿ ಅಕ್ಕಾ."

"ಹೋದ ವರ್ಷನೂ ಹಿಂಗ ಅಂದಿ."

"ಮುಂದಿನ ವರ್ಷನೂ ಅಂತೇನಿ."

ಅವಳು ನನ್ನ ಮುಖ ನೋಡಿ ಸುಮ್ಮನಾದಳು. ಸುಮ್ಮನಾದಳೆಂದರೆ ಒಪ್ಪಿದಳೆಂದು ನಾನು ತಿಳಿದೆ. ಅಕ್ಕನ ಜೊತೆ ಇಷ್ಟು ವರ್ಷ ಕಳೆದವನು ಹಾಗೆ ತಿಳಿಯಬಾರದಿತ್ತು.

ಉದ್ಘಾಟನೆಯ ಹಿಂದಿನ ದಿನ ಸಂಪರ್ಕ ಎಂದಿಗಿಂತ ಹೆಚ್ಚು ಕೆಟ್ಟಿತು. ಗೋಡೆಯ ಮೇಲೆ ನನ್ನ ಮುಖವೇ ಮೂಡಲಿಲ್ಲವಂತೆ, ಬರೀ ಚೌಕ ಚೌಕ ಬಣ್ಣ. ಮಹಾಂತೇಶ ಕೊನೆಗೆ ಫೋನಿನಲ್ಲಿ ಕೇಳಿದ.

"ಸರ್, ನಡುವ ಏನರ ಅಡ್ಡ ಬಂದೈತೇನು, ಒಮ್ಮೆ ನೋಡ್ರಿ."

"ಅಡ್ಡ ಏನ್ ಬರ್ತೈತಿ ಮಹಾಂತೇಶ? ನಡುವ ನಮ್ಮ ಮನಿ ಐತಿ, ಅಷ್ಟ."

ಹಾಗೆಂದು ಫೋನು ಇಟ್ಟವನಿಗೆ ನಾನಾಡಿದ ಮಾತೇ ಮತ್ತೆ ಕಿವಿಗೆ ಬಿತ್ತು. ಕ್ಯಾಮೆರಾಕ್ಕೆ ಬೆಳಕು ಸಾಲದು ಎಂದು ಮಹಾಂತೇಶ ಬೇರೆ ಹೇಳಿದ್ದ. ಎದ್ದು ಹೋಗಿ, ಮುಚ್ಚಿಟ್ಟಿದ್ದ ಕಿಟಕಿಯ ಚಿಲಕ ಎಳೆದೆ. ತುಕ್ಕು ಹಿಡಿದಿತ್ತು, ಸುಲಭಕ್ಕೆ ಬರಲಿಲ್ಲ. ನೇರ ನೋಡುವ ಧೈರ್ಯ ಸಾಲದೆ ಪ್ರಯೋಗಾಲಯದ ದೂರದರ್ಶಕವನ್ನು ತಂದು ಕಿಟಕಿಗೆ ಇಟ್ಟು ಕಣ್ಣು ಹಚ್ಚಿದೆ. ಪ್ರಯೋಗಾಲಯದ ದೂರದರ್ಶಕ ಎಲ್ಲವನ್ನೂ ತಲೆಕೆಳಗಾಗಿ ತೋರಿಸುತ್ತದೆ. ಊರೆಲ್ಲ ಆಕಾಶದಿಂದ ಜೋತು ಬಿದ್ದಿತ್ತು. ಗಿರಣಿಯ ಹೊಗೆಕೊಳವೆ ಕೆಳಕ್ಕೆ ಹೊಗೆ ಬಿಡುತ್ತಿತ್ತು. ಅದರಾಚೆ, ತಲೆಕೆಳಗಾದ ನನ್ನ ಮಾಳಿಗೆಯಲ್ಲಿ, ಕೆಂಪು.

ಕೆಂಪು ಮೈ ಹೊರಗಿತ್ತು.

ಆಮೇಲೆ ನಡೆದದ್ದನ್ನು ಹೇಳಿದರೆ ನೀವು ನಂಬುವುದು ಕಷ್ಟ. ನಾನು ಮೆಟ್ಟಿಲು ಇಳಿದೆ. ಕೈಯಲ್ಲಿದ್ದ ಸೀಮೆಸುಣ್ಣವನ್ನು ಕಿಸೆಗೆ ಹಾಕಿಕೊಂಡೆ, ಗೇಟು ದಾಟಿದೆ. ತಡವಾಯಿತು, ರೊಟ್ಟಿ ತಣ್ಣಗಾಗುತ್ತದೆ ಎಂದು ಹೆಜ್ಜೆ ಜೋರು ಮಾಡಿದೆ. ಹೊಟ್ಟೆ ಹಸಿದಿತ್ತು. ಗಿರಣಿಯ ಮುಂದೆ ಬಿಸಿ ಹಿಟ್ಟಿನ ವಾಸನೆ ಬಂದಾಗ ಮಾತ್ರ ಕಾಲು ನಿಂತಿತು. ಕರೆಯುವವಳು ಇಲ್ಲವಲ್ಲ ಎಂಬುದು ಅಲ್ಲಿ ನೆನಪಾಯಿತು. ಆ ಒಂದು ಕ್ಷಣ ಅವಳು ಹೋದ ದಿನಕ್ಕಿಂತಲೂ ಹೆಚ್ಚು ಸಂಕಟವಾಯಿತು. ಆದರೂ ಹಿಂದಕ್ಕೆ ತಿರುಗಲಿಲ್ಲ. ಕೆಂಪು ಕಂಡ ಮೇಲೆ ಹಿಂದಕ್ಕೆ ಹೋಗುವ ಅಭ್ಯಾಸ ನನಗಿರಲಿಲ್ಲ.

ಅಕ್ಕ ಪಡಸಾಲೆಯಲ್ಲಿ ಕುಳಿತು ಕಾಯಿಪಲ್ಲೆ ಸೋಸುತ್ತಿದ್ದಳು.

"ಯಾಕೋ, ಇವತ್ತು ಇಷ್ಟ ಲಗೂ ಬಂದಿ?"

"ಊಟಕ್ಕ ಬಂದೆ."

"ಯಾರು ಕರದ್ರು ನಿನ್ನ? ಇನ್ನೂ ಒಲಿ ಹಚ್ಚಿಲ್ಲ."

ನೇರ ಮಾಳಿಗೆ ಹತ್ತಿದೆ. ಆ ವರ್ಷ ನಾನು ನೀರಿಗೆಂದು ಎತ್ತರದ ಕಟ್ಟೆ ಕಟ್ಟಿಸಿ ಅದರ ಮೇಲೆ ಕಪ್ಪು ಟಾಕಿ ಕೂಡಿಸಿದ್ದೆ. ಅಕ್ಕ ಆ ಟಾಕಿಯ ಕಟ್ಟೆಯಿಂದ ಮೆಟ್ಟಿಲ ಕೋಣೆಯ ನೆತ್ತಿಗೆ, ಕೌದಿಗಳು ನೆಲಕ್ಕೆ ತಾಗಬಾರದೆಂದು ಎತ್ತರದಲ್ಲಿ ಗಟ್ಟಿ ತಂತಿ ಬಿಗಿಸಿದ್ದಳು. ತಂತಿಯ ಉದ್ದಕ್ಕೂ ಸಾಲಾಗಿ ಹಸಿ ಕೌದಿ, ಎರಡು ತಲೆಮಾರಿನ ಬಟ್ಟೆ ಹೊಟ್ಟೆ ತುಂಬ ನೀರು ಕುಡಿದು ಜೋತಾಡುತ್ತಿತ್ತು. ಅವುಗಳ ನಡುವಿನಿಂದ ಒಂದು ಕಡೆ ಹಳೆಯ ಕಟ್ಟಡದ ಆಂಟೆನಾ, ಇನ್ನೊಂದು ಕಡೆ ದೂರದಲ್ಲಿ ಹೊಸ ಕಟ್ಟಡದ್ದು ಕಾಣುತ್ತಿದ್ದವು. ಸವತೆಕಾಯಿ ಸರಿಯಾಗಿ ನನ್ನ ಕೌದಿಗಳೊಳಗೇ ತೂರಿ ಹೋಗಬೇಕಾಗಿತ್ತು. ಊರಿನ ಎಲ್ಲ ಮಾಳಿಗೆಗಳ ಮೇಲೂ ಆ ವಾರ ಕೌದಿಗಳಿದ್ದವು, ಆದರೆ ಆ ದಾರಿಗೆ ಅಡ್ಡ ನಿಂತದ್ದು ನನ್ನವು ಮಾತ್ರ. ಮುಂಜಾನೆ ಹಸಿ, ಮಧ್ಯಾಹ್ನ ಅರೆಹಸಿ, ಸಂಜೆಗೆ ಒಣಗಿ ಮಡಚಿ ಒಳಗೆ. ಪ್ರಿನ್ಸಿಪಾಲರ ಪ್ರಶ್ನೆಗೆ ಉತ್ತರ ತಂತಿಯ ಮೇಲೆ ನೀರು ತೊಟ್ಟಿಕ್ಕಿಸುತ್ತ ನಿಂತಿತ್ತು.

ಎಲ್ಲಕ್ಕಿಂತ ಮುಂದೆ ಗಿರಿಜಾಳ ಕೌದಿ. ಅದಕ್ಕೆ ಮುಖವಿಟ್ಟೆ. ಸಬಕಾರ, ನೀರು, ಬಿಸಿಲು. ಬೇರೇನೂ ಇರಲಿಲ್ಲ.

ಅಕ್ಕ ಹಿಂದೆಯೇ ಹತ್ತಿ ಬಂದಿದ್ದಳು. ನನಗೆ ಸಿಟ್ಟು ಬಂದಿತ್ತು.

"ನನ್ನ ಕೇಳದ ಯಾಕ ಒಗದಿ ಅಕ್ಕಾ?"

ಅವಳು ಕೌದಿಯ ಮೂಲೆಯೊಂದನ್ನು ಹಿಡಿದು ನನ್ನ ಕಣ್ಣಿನ ಮುಂದೆ ತಂದಳು. ಜಲ್ಲಡಿಯ ಹಾಗೆ ತೂತುಬಿದ್ದಿತ್ತು.

"ಇಲ್ಲಿ ನೋಡು. ಹುಳ ಹತ್ತಿತ್ತು. ಇನ್ನೊಂದು ವರ್ಷ ಟ್ರಂಕಿನ್ಯಾಗ ಇಟ್ಟಿದ್ರ ಬರೇ ದಾರ ಉಳೀತಿತ್ತು. ಕೇಳಿದ್ರ ಕೊಡ್ತಿದ್ದೇನು ನೀನು? ಬೈಯೂದಿದ್ರ ಬೈ. ಆದ್ರ ಉಂಡು ಬೈ."

ಕಣ್ಣಲ್ಲಿ ನೀರು ಬಂತು. ಅಕ್ಕ ಬೇರೆ ಕೌದಿಯೊಂದರ ನೆರಿಗೆ ಬಿಡಿಸುವವಳಂತೆ ಆ ಕಡೆ ತಿರುಗಿದಳು. ನಾನು ಗಿರಿಜಾಳ ಕೌದಿಯ ಮೇಲೆ ಕೈ ಆಡಿಸಿದೆ. ನೀರು ಕುಡಿದ ಬಟ್ಟೆಯ ಮೇಲೆ ಅವಳ ಹೊಲಿಗೆಗಳು ಉಬ್ಬಿ ನಿಂತಿದ್ದವು, ಸಾಲು ಸಾಲು. ಅಂಚಿನ ಹತ್ತಿರ ಒತ್ತೊತ್ತಾಗಿ, ನಡುವೆ ಬೇಸರ ಬಂದಾಗ 'ಅಂತೂ ಮುಗೀಲಿ' ಎಂಬಂತೆ ದೂರ ದೂರ. ಅವಳಿಗೆ ಯಾವ ಕೆಲಸವೂ ನಡುವೆ ಬೇಸರ ತರಿಸುತ್ತಿತ್ತು, ಕೊನೆಗೆ ಮತ್ತೆ ಹುರುಪು ಬರುತ್ತಿತ್ತು. ಇಷ್ಟು ವರ್ಷ ಮೂಗಿನಿಂದ ಹುಡುಕಿದವನು ಬೆರಳಿನಿಂದ ನೋಡಿರಲಿಲ್ಲ. ಅವಳ ಕೈ ಅಲ್ಲೇ ಇತ್ತು, ಹುಳ ಮುಟ್ಟಿದ್ದು ಒಂದು ಮೂಲೆಯನ್ನಷ್ಟೇ.

ಬೇರೆ ಕೌದಿಗಳನ್ನೆಲ್ಲ ಇಳಿಸಿ ಮಾಳಿಗೆಯ ನೆಲಕ್ಕೆ ಹಾಸಿದೆ. ಅಕ್ಕ ಗೊಣಗಿದಳು. ಗಿರಿಜಾಳ ಕೌದಿಯನ್ನು ಕೊನೆಗೆ ಇಳಿಸಿ ಕುಂಬಿಯ ಮೇಲೆ, ಅದರ ಹಳೆಯ ಜಾಗದಲ್ಲಿ ಹಾಸಿದೆ. ಅಲ್ಲಿ ಅದು ತಗ್ಗಿನಲ್ಲಿರುತ್ತದೆ, ಯಾವ ಅಲೆಗೂ ಅಡ್ಡ ಬರುವುದಿಲ್ಲ. ಕೆಂಪು ಮೈ ಹೊರಗಿರಲಿ ಎಂದು ತಿರುಗಿಸಿ ಹಾಕಿದೆ.

"ಅಲ್ಲಿ ಯಾಕ ಹಾಕ್ತಿ? ಧೂಳ ಹತ್ತತೈತಿ."

"ಅದರ ಜಾಗಾ ಅದ ಅಕ್ಕಾ."

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು.

"ಸರ್, ಬಂತ್ರಿ. ಓಡಾಕತ್ತೈತ್ರಿ. ಏನ್ ಮಾಡಿದ್ರಿ ಸರ್?"

"ಕೌದಿ ತಗದೆ."

"ಯಾವ ಕೌದಿ ಸರ್? ಊರ ತುಂಬ ಕೌದಿ ಅದಾವಲ್ರಿ."

"ನಮ್ಮ ಮನೀವು" ಎಂದೆ. ಕೆಳಗೆ ಅಕ್ಕ ರೊಟ್ಟಿ ಬಡಿಯುವ ಸದ್ದು ಶುರುವಾಗಿತ್ತು.

ಮರುದಿನ ಉದ್ಘಾಟನೆ ಸಾಂಗವಾಗಿ ನಡೆಯಿತು. ಅಲೆಗಳ ಬಗ್ಗೆಯೇ ಪಾಠ ಮಾಡಿದೆ. ಗೋಡೆಯ ಮೇಲೆ ನನ್ನ ಮುಖ ಎಲ್ಲೂ ನಿಲ್ಲದೆ, ಮಾತು ಎಲ್ಲೂ ಮುರಿಯದೆ ಬಂತಂತೆ. ಅತಿಥಿಗಳು ಚಪ್ಪಾಳೆ ತಟ್ಟಿದರಂತೆ. ಪ್ರಿನ್ಸಿಪಾಲರಿಗೆ ಮಾತ್ರ ಒಂದು ತಕರಾರಿತ್ತು.

"ಎಲ್ಲಾ ಛಲೋ ಆತು ಫಿಸಿಕ್ಸ್ ಅವರ. ಆದ್ರ ನೀವು ಕ್ಯಾಮೆರಾ ನೋಡಿ ಮಾತಾಡಬೇಕಿತ್ತು. ಮಾತಿನ ನಡುವ ನಡುವ ಆ ಕಿಟಕಿ ಕಡೆ ಯಾಕ ನೋಡಾಕತ್ತಿದ್ರಿ? ಮುಗಸೂದೂ ಗಡಬಡಿಲೆ ಮುಗಸಿದ್ರಿ."

"ಊಟದ ಹೊತ್ತಾಗಿತ್ರಿ ಸರ್" ಎಂದೆ. ಅವರು ನನ್ನನ್ನು ಒಂದು ಥರ ನೋಡಿದರು. ಬಹುಶಃ ಎಮ್ಮೆಯೂ ಹಾಗೇ ನೋಡಿತ್ತು.

ಈಗ ಆ ಎರಡು ಕಟ್ಟಡಗಳ ನಡುವೆ ನೆಲದೊಳಗಿನಿಂದ ತಂತಿ ಬಂದಿದೆ. ಅದಕ್ಕೆ ಬಿಸಿಲಿನ ಹಂಗಿಲ್ಲ, ಮಹಾನವಮಿಯ ಹಂಗಿಲ್ಲ. ಆಂಟೆನಾಗಳು ಇನ್ನೂ ಒಂದಕ್ಕೊಂದು ಮುಖ ಮಾಡಿಯೇ ನಿಂತಿವೆ, ಯಾರೂ ಇಳಿಸಿಲ್ಲ. ಅವುಗಳ ಮೇಲೆ ಕಾಗೆ ಕೂರುತ್ತದೆ. ಹೋಗುವ ಬರುವ ಮಾತೇನೂ ಉಳಿಯದಿದ್ದರೂ ಹಾಗೆ ನೋಡುತ್ತ ನಿಂತಿರುವುದರಲ್ಲಿ ಏನಿದೆಯೋ ಎಂದು ಜನ ಕೇಳಬಹುದು. ನನಗೆ ಕೇಳಬೇಕೆನ್ನಿಸುವುದಿಲ್ಲ.

ಏಕೆಂದರೆ ಬಿಸಿಲು ಚೆನ್ನಾಗಿರುವ ದಿನ ಕಾಲೇಜಿಗೆ ಹೊರಡುವ ಮುಂಚೆ ನಾನೇ ಮಾಳಿಗೆ ಹತ್ತಿ ಕೌದಿಯನ್ನು ಕುಂಬಿಯ ಮೇಲೆ ಹಾಸಿ ಹೋಗುತ್ತೇನೆ. ಮೂಲೆಗೆ ಅಕ್ಕ ತನ್ನ ಹಳೆಯ ಕುಬಸದ ತುಂಡೊಂದನ್ನು ತೇಪೆ ಹಾಕಿ ಕೊಟ್ಟಿದ್ದಾಳೆ. ಮಧ್ಯಾಹ್ನ ಪ್ರಯೋಗಾಲಯದ ಕಿಟಕಿಯಿಂದ ಕೆಂಪು ಕಾಣುತ್ತದೆ. ಹಾಸಿದವನು ನಾನೇ ಎಂದು ನನಗೆ ಗೊತ್ತು, ಕಾಲಿಗೆ ಗೊತ್ತಿಲ್ಲ, ಅದು ಹೊರಟೇಬಿಡುತ್ತದೆ. ಗಿರಣಿ ದಾಟಿ, ಬೀಗ ತೆಗೆದು ಒಳಗೆ ಹೋದರೆ, ಮುಂಜಾನೆ ನಾನೇ ಬಡಿದು ಮುಚ್ಚಿಟ್ಟ ರೊಟ್ಟಿ ಬುಟ್ಟಿಯಲ್ಲಿ ತಣ್ಣಗಾಗಿರುತ್ತದೆ. ತಣ್ಣಗಾದದ್ದು ಯಾವತ್ತೂ ಅವಳ ಪಾಲಿನದು. ಅವಳ ಪಾಲಿನದನ್ನು ನಾನು ತಿನ್ನುತ್ತೇನೆ, ನನ್ನದು ಇನ್ನೂ ಹಂಚಿನ ಮೇಲಿದೆ ಎಂಬಂತೆ, ನಿಧಾನವಾಗಿ.